ಪಹಣಿ ಇಲ್ಲದವರನ್ನೂ ಲೆಕ್ಕಕ್ಕೆ ಹಿಡಿಯಿರಿ: ಪಾವಗಡ ಸೌರ ಪಾರ್ಕಿನ ವಿಸ್ತರಣೆ ಕುರಿತು ಇಂಧನ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ವಂದನೆಗಳು. ಪಾವಗಡ ತಾಲೂಕಿನ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತನಾದ ಮೇಷ್ಟ್ರು ನಾನು. ನಾಗಲಮಡಿಕೆ ಹೋಬಳಿಯ ಸೌರ ಪಾರ್ಕನ್ನು ಇನ್ನೂ ಸುಮಾರು 10,000 ಎಕರೆಗೆ ವಿಸ್ತರಿಸುವ ಮಾತು ಸರ್ಕಾರದ ಕಡೆಯಿಂದಲೇ ಬಂದಿದೆ. ಜಮೀನು ಕೊಡಲು ರೈತರೇ ಮುಂದೆ ಬಂದಿದ್ದಾರೆ ಎಂದೂ ಹೇಳಲಾಗಿದೆ. ಅದು ಸುಳ್ಳಲ್ಲ. ಕೊಡಲು ಸಿದ್ಧರಾದವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಅವರ ಪಕ್ಕದಲ್ಲೇ ಕೂತು ಓದಿದ, ಆದರೆ ಪಹಣಿಯಲ್ಲಿ ಅಪ್ಪನ ಹೆಸರಿಲ್ಲದ ಮಕ್ಕಳೂ ನನ್ನ ವಿದ್ಯಾರ್ಥಿಗಳೇ. ಮೊದಲ ಹಂತದಲ್ಲಿ ಅವರನ್ನು ಯಾರೂ ಏನೂ ಕೇಳಲಿಲ್ಲ. ಎರಡನೆಯ ಸಲವೂ ಹಾಗೆಯೇ ಆಗಬಾರದು. ಹೊಸ ಗುತ್ತಿಗೆ ಪತ್ರಗಳಿಗೆ ಸಹಿ ಬೀಳುವ ಮುಂಚೆ ಈ ಮಾತು ತಮ್ಮನ್ನು ಮುಟ್ಟಬೇಕು, ನಾಡಿನ ಜನರ ಕಿವಿಗೂ ಬೀಳಬೇಕು ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಪಾರ್ಕೇ ಬೇಡವೆನ್ನುವ ಪತ್ರ ಇದಲ್ಲ. ಸುತ್ತ ಹೆಚ್ಚುಕಡಿಮೆ ಎಲ್ಲ ಕಡೆಯೂ ಆಂಧ್ರವೇ ಇರುವ, ಮಳೆ ನಂಬಿ ಕಡಲೆಕಾಯಿ ಬಿತ್ತುವ, ಕೊಳವೆಬಾವಿ ಕೊರೆಸಿದರೆ ಫ್ಲೋರೈಡ್ ಬೆರೆತ ನೀರು ಸಿಗುವ ತಾಲೂಕು ನಮ್ಮದು. ಬರಪೀಡಿತ ತಾಲೂಕುಗಳ ಪಟ್ಟಿಯಲ್ಲಿ ಪಾವಗಡದ ಹೆಸರಿಲ್ಲದ ವರ್ಷ ಅಪರೂಪ. ಬಿತ್ತಿದ ಬೀಜದ ದುಡ್ಡೂ ಹುಟ್ಟದ ವರ್ಷಗಳಲ್ಲಿ ಸಂಕ್ರಾಂತಿ ಕಳೆಯುತ್ತಿದ್ದಂತೆ ನಮ್ಮ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ತುಂಬುತ್ತಿತ್ತು. ಅಪ್ಪ ಅಮ್ಮ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟರೆ ಮಗುವೂ ಹಿಂದೆ ಹೋಗುತ್ತಿತ್ತು. ಇಂಥ ನೆಲದಲ್ಲಿ ಬಿಸಿಲೇ ಬೆಳೆಯಾಗುತ್ತದೆ ಅಂದಾಗ ಜನ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ.

ಜಮೀನು ಪಡೆದ ರೀತಿಯಲ್ಲೂ ಮೆಚ್ಚುವಂಥದ್ದಿತ್ತು. 2015ರಲ್ಲಿ ರಾಜ್ಯ ಮತ್ತು ಕೇಂದ್ರದ ಸಂಸ್ಥೆಗಳು ಸೇರಿ ಇದಕ್ಕಾಗಿಯೇ ನಿಗಮವೊಂದನ್ನು ಕಟ್ಟಿದವು. ಭೂಸ್ವಾಧೀನದ ನೋಟಿಸು ಹೊರಡಿಸದೆ ಗುತ್ತಿಗೆಗೆ ತೆಗೆದುಕೊಳ್ಳುವ ದಾರಿ ಹಿಡಿದವು. ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆ ಪಾರ್ಕಿಗೆ ಸೇರಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ, ಜಮೀನಿನ ಒಡೆತನ ರೈತನದೇ. 2018ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಉದ್ಘಾಟಿಸಿದರು. 2019ರ ಕೊನೆಯ ಹೊತ್ತಿಗೆ ಪೂರ್ತಿ 2,050 ಮೆಗಾವಾಟ್ ಸಿದ್ಧವಾಗಿ, ಆಗ ಲೋಕದ ಅತಿ ದೊಡ್ಡ ಸೌರ ಪಾರ್ಕುಗಳ ಸಾಲಿಗೆ ನಮ್ಮ ಹೋಬಳಿ ಸೇರಿತು. ಶರಾವತಿ ಕಣಿವೆಯಲ್ಲಿ ಮನೆ ಮಠ ಮುಳುಗಿಸಿಕೊಂಡವರು ಅರವತ್ತು ವರ್ಷಗಳ ನಂತರವೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವ ರಾಜ್ಯ ಇದು. ವಿದ್ಯುತ್ತಿಗಾಗಿ ಭೂಮಿ ಕೊಟ್ಟರೂ ಭೂಮಿ ಕಳೆದುಕೊಳ್ಳದ ವ್ಯವಸ್ಥೆ ಅಂಥ ರಾಜ್ಯದಲ್ಲಿ ದೊಡ್ಡ ಹೆಜ್ಜೆಯೇ.

ಬಾಡಿಗೆ ಬಂದ ಮನೆಗಳು ಬದಲಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಾಲ ತೀರಿತು, ತಾರಸಿ ಮನೆ ಎದ್ದಿತು, ಮಗಳು ತುಮಕೂರಿನ ಕಾಲೇಜು ಸೇರಿದಳು. ಹತ್ತು ಎಕರೆ ಕೊಟ್ಟವನಿಗೆ ಮೊದಲ ವರ್ಷವೇ 2,10,000 ರೂಪಾಯಿ. ಮಳೆ ಬಂದರೂ ಬರದಿದ್ದರೂ ಆ ದುಡ್ಡು ಬರುತ್ತದೆ. ಒಣಭೂಮಿಯ ರೈತ ಇಂಥ ನಿಶ್ಚಿಂತೆಯನ್ನು ಹಿಂದೆ ಕಂಡವನಲ್ಲ.

ಆದರೆ ಮಾನ್ಯರೇ, ಹತ್ತು ಎಕರೆ ಕಡಲೆಕಾಯಿ ಹೊಲದಿಂದ ಒಂದೇ ಮನೆ ಉಣ್ಣುತ್ತಿರಲಿಲ್ಲ. ಬಿತ್ತನೆಗೆ ಆಳು ಬೇಕಿತ್ತು. ಎರಡು ಸಲ ಕಳೆ ತೆಗೆಯಬೇಕಿತ್ತು. ಗಿಡ ಕೀಳಲು, ಕಾಯಿ ಬಿಡಿಸಲು, ಒಣಗಿಸಿ ಚೀಲ ಕಟ್ಟಲು ಮತ್ತೆ ಆಳು. ಈ ಕೆಲಸದಲ್ಲಿ ಮುಕ್ಕಾಲು ಪಾಲು ಹೆಂಗಸರದು. ಅದರಲ್ಲೂ ಊರಾಚೆಯ ಕಾಲೋನಿಗಳ, ಒಂದು ಗುಂಟೆ ನೆಲವೂ ಇಲ್ಲದ ಮನೆಗಳ ಹೆಂಗಸರದು. ಕಳೆ ತೆಗೆಯುವಾಗ ಸಿಕ್ಕ ಹುಲ್ಲು ಮನೆಯ ಎಮ್ಮೆಗೆ, ಕೊಯ್ಲು ಮುಗಿದ ಮೇಲೆ ನೆಲದಲ್ಲಿ ಉಳಿದ ಕಾಯಿ ಆಯ್ದುಕೊಂಡವರಿಗೆ, ಬದುವಿನ ಒಣಗಿದ ಟೊಂಗೆ ಒಲೆಗೆ. ಇವಕ್ಕೆಲ್ಲ ಯಾವ ಕಚೇರಿಯಲ್ಲೂ ದಾಖಲೆಯಿಲ್ಲ. ಫಲಕಗಳ ಮೇಲೆ ನೆರಳು ಬೀಳಬಾರದು, ಹಾಗಾಗಿ ಬದುವಿನ ಹೊಂಗೆ, ಬೇವು, ಹುಣಸೆಗೂ ಅಲ್ಲಿ ಜಾಗವಿಲ್ಲ. ಬೇಸಿಗೆಯಲ್ಲಿ ಹುಣಸೆಹಣ್ಣು ಕುಟ್ಟಿ, ಬೀಜ ಬಿಡಿಸಿ ನಾಲ್ಕು ಕಾಸು ನೋಡುತ್ತಿದ್ದ ಮುದುಕಿಯರಿಗೆ ಆ ದಾರಿಯೂ ಮುಚ್ಚಿತು.

ತಿರುಮಣಿಯ ಕಡೆ ಒಬ್ಬ ತಾಯಿ ನನಗೆ ಹೇಳಿದ ಮಾತಿದು: "ಭೂಮಿ ಇರೋರಿಗೆ ಬಾಡಿಗೆ ಬಂತು ಮೇಷ್ಟ್ರೇ, ನಮಗೆ ಇದ್ದ ಕೂಲೀನೂ ಹೋಯ್ತು." ಆಕೆ ಪಾರ್ಕಿನೊಳಗೆ ಹುಲ್ಲು ಕತ್ತರಿಸುವ ಕೆಲಸಕ್ಕೂ ಹೋಗಿ ಬಂದವಳು. ಅದು ವರ್ಷವಿಡೀ ಇರುವುದಿಲ್ಲ. ಗುತ್ತಿಗೆದಾರ ಬದಲಾದರೆ ಕರೆಯುವ ಆಳುಗಳೂ ಬದಲು. ಪಾರ್ಕು ಕಟ್ಟುವ ಎರಡು ಮೂರು ವರ್ಷ ಸಾವಿರಾರು ಜನಕ್ಕೆ ಕೆಲಸವಿತ್ತು ನಿಜ. ಕಂಬ ನೆಟ್ಟು, ತಂತಿ ಎಳೆದು ಮುಗಿದ ಮೇಲೆ ಉಳಿದದ್ದು ಕಾವಲು, ಹುಲ್ಲು, ಫಲಕ ತೊಳೆಯುವುದು. ಸೌರ ವಿದ್ಯುತ್ತಿನ ಸ್ವಭಾವವೇ ಅಷ್ಟು. ಕಟ್ಟುವಾಗ ಕೈಗಳು ಬೇಕು, ನಡೆಸಲು ಬೇಕಿಲ್ಲ. ಡಿಪ್ಲೊಮಾ, ಐಟಿಐ ಓದಿದ ಕೆಲವು ಹುಡುಗರಿಗೆ ಒಳಗೆ ಜಾಗ ಸಿಕ್ಕಿದೆ. ಐವತ್ತು ದಾಟಿದ, ಕಳೆ ಕೀಳುವುದನ್ನು ಬಿಟ್ಟು ಬೇರೆ ಕೆಲಸ ಮಾಡದ ಹೆಂಗಸಿಗೆ ಯಾವ ತರಬೇತಿ ಕೊಡುತ್ತೀರಿ?

ಹೀಗಾಗಿ ಬರದಿಂದ ಗುಳೆ ಹೋಗುತ್ತಿದ್ದ ಊರುಗಳಿಂದ ಈಗಲೂ ಜನ ಗುಳೆ ಹೋಗುತ್ತಿದ್ದಾರೆ. ಮೊದಲು ಮಳೆ ಬಂದ ವರ್ಷವಾದರೂ ಕೂಲಿಯವರು ಊರಲ್ಲಿ ಉಳಿಯುತ್ತಿದ್ದರು. ಈಗ ಎಂಥ ಒಳ್ಳೆಯ ಮಳೆಯಾದರೂ ಆ 13,000 ಎಕರೆಯಲ್ಲಿ ಬಿತ್ತನೆಯೇ ಇಲ್ಲ.

ಕುರಿಯವರ ಕಥೆಯನ್ನು ಇನ್ನೂ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸರ್ಕಾರದ ಕಡತಗಳಲ್ಲಿ ಅವರು ಕಾಣುವುದು ಇನ್ನೂ ಕಡಿಮೆ. ಬೆಳೆ ಕೊಯ್ದ ಹೊಲ, ಬೀಳು ಬಿಟ್ಟ ಹೊಲ, ಹಳ್ಳದ ದಂಡೆ, ಗೋಮಾಳ, ಇವೆಲ್ಲ ಸೇರಿ ಅವರ ಮೇವಿನ ನೆಲ. ಯಾರ ಹೊಲ ಯಾವ ತಿಂಗಳು ಖಾಲಿ ಎಂಬುದು ಅವರಿಗೆ ಬಾಯಿಪಾಠ. ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಿದರೆ ರೈತನಿಗೆ ಗೊಬ್ಬರ, ಕುರಿಯವನಿಗೆ ದವಸ ಅಥವಾ ದುಡ್ಡು. ತಂತಿಬೇಲಿ ಬಂದ ಮೇಲೆ ಈ ಕೊಡುಕೊಳ್ಳುವಿಕೆ ನಿಂತಿತು. ನೇರ ದಾರಿಯಲ್ಲಿ ಹೋಗುತ್ತಿದ್ದ ಮಂದೆ ಬೇಲಿ ಸುತ್ತಿಕೊಂಡು ಮೈಲಿಗಟ್ಟಲೆ ನಡೆಯಬೇಕು. ಬೇಸಿಗೆಯಲ್ಲಿ ಮರಿ ಹಾಕಿದ ಕುರಿಗೆ ಆ ನಡಿಗೆ ಏನು ಮಾಡುತ್ತದೆಂದು ಕುರಿ ಸಾಕಿದವರಿಗೆ ಹೇಳಬೇಕಾಗಿಲ್ಲ. ಮಂದೆ ಮಾರಿ ಊರು ಬಿಟ್ಟವರಿದ್ದಾರೆ. ಯಾರ ಒಂದು ಗುಂಟೆಯನ್ನೂ ಕಿತ್ತುಕೊಂಡಿಲ್ಲ ಎಂದು ಕಾಗದ ಹೇಳುತ್ತದೆ. ಅವರ ಬದುಕಿನ ನೆಲ ಮಾತ್ರ ಹೋಗಿದೆ.

ಮೂರನೆಯ ಗುಂಪೊಂದಿದೆ. ಬೆಳೆಯಲ್ಲಿ ಪಾಲು ಕೊಡುವ ಮಾತಿನ ಮೇಲೆ, ಅಂದರೆ ವಾರಕ್ಕೆ, ಕೋರಿಗೆ, ಬೇರೆಯವರ ಹೊಲ ಮಾಡುತ್ತಿದ್ದವರು. 1974ರ ಭೂಸುಧಾರಣೆಯ ತಿದ್ದುಪಡಿ ಗೇಣಿಯನ್ನೇ ನಿಷೇಧಿಸಿತಾದ್ದರಿಂದ ಇವರ ಕೈಯಲ್ಲಿ ಕಾಗದ ಇರಲು ಸಾಧ್ಯವೇ ಇಲ್ಲ. ಮಾತಿನ ಮೇಲೆ ನಡೆಯುತ್ತಿದ್ದ ಬೇಸಾಯ ಮಾತಿನ ಮೇಲೆಯೇ ಮುಗಿಯಿತು. ಸರ್ಕಾರಿ ಜಮೀನಿನಲ್ಲಿ ಮಂಜೂರಾತಿಯಿಲ್ಲದೆ ಬಗರ್ ಹುಕುಂ ಸಾಗುವಳಿ ಮಾಡಿ, ಅರ್ಜಿ ಹಾಕಿ, ಸಕ್ರಮವಾಗಲೆಂದು ಕಾಯುತ್ತಿರುವವರದೂ ಇದೇ ಪಾಡು. ಇನ್ನು ತಾತನ ಹೆಸರಿನಲ್ಲೇ ಉಳಿದ ಪಹಣಿ, ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಆಗದ ಪೌತಿ ಖಾತೆ, ಅಣ್ಣತಮ್ಮಂದಿರ ಬಾಯಿಮಾತಿನ ಪಾಲು, ಖಾತೆಯಲ್ಲಿ ಹೆಸರಿಲ್ಲದ ಹೆಣ್ಣುಮಕ್ಕಳು. ಬಾಡಿಗೆಯ ದುಡ್ಡು ಕಾಗದ ಇದ್ದ ಕಡೆಗೆ ಮಾತ್ರ ಹರಿಯಿತು.

ಇದು ಯಾರೋ ಒಬ್ಬ ಅಧಿಕಾರಿಯ ತಪ್ಪೆಂದು ನಾನು ಹೇಳುತ್ತಿಲ್ಲ. ನಿಯಮದಲ್ಲೇ ಕಂದರವಿದೆ. 2013ರ ಭೂಸ್ವಾಧೀನ ಕಾಯ್ದೆಯನ್ನು ತಾವು ಬಲ್ಲಿರಿ. ಅದರ ಪ್ರಕಾರ ಬಾಧಿತ ಕುಟುಂಬವೆಂದರೆ ಜಮೀನಿನ ಒಡೆಯ ಮಾತ್ರವಲ್ಲ. ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ಆ ನೆಲದಲ್ಲಿ ದುಡಿದ, ಅದನ್ನೇ ಮುಖ್ಯ ಜೀವನಾಧಾರ ಮಾಡಿಕೊಂಡ ಕೃಷಿ ಕೂಲಿಯವರು, ಗೇಣಿದಾರರು, ಪಾಲಿಗೆ ಮಾಡುವವರು, ಕುಶಲಕರ್ಮಿಗಳು ಎಲ್ಲರೂ ಬಾಧಿತರೇ. ಸಾಮಾಜಿಕ ಪರಿಣಾಮದ ಅಧ್ಯಯನವೂ ಆಗಬೇಕು, ಸಾರ್ವಜನಿಕ ಅಹವಾಲು ಸಭೆಯೂ ನಡೆಯಬೇಕು. ಗುತ್ತಿಗೆ ಎಂಬುದು ಸ್ವಾಧೀನವಲ್ಲ, ಹಾಗಾಗಿ ಇದ್ಯಾವುದೂ ಇಲ್ಲಿ ಅನ್ವಯಿಸಲಿಲ್ಲ. ಸೌರ ಫಲಕದ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಪರಿಸರ ಅನುಮತಿಯೂ ಬೇಕಿಲ್ಲ. ಹೊಗೆಯಿಲ್ಲ, ಬೂದಿಯಿಲ್ಲ ಎಂಬ ಕಾರಣಕ್ಕೆ ಕೊಟ್ಟ ವಿನಾಯಿತಿ ಅದು. ರೈತನಿಗೆ ಒಳ್ಳೆಯದಾಗಲೆಂದು ತಂದ ಗುತ್ತಿಗೆ, ಪರಿಸರಕ್ಕೆ ಒಳ್ಳೆಯದಾಗಲೆಂದು ಕೊಟ್ಟ ವಿನಾಯಿತಿ, ಎರಡೂ ಕೂಡಿದಾಗ ಐದು ಊರುಗಳ ಭೂಹೀನರು ಯಾವ ಕಾನೂನಿನ ಕಣ್ಣಿಗೂ ಬೀಳದೆ ಹೋದರು.

ಸುಸ್ಥಿರ ಅಭಿವೃದ್ಧಿಯ ಹೆಸರಿನಲ್ಲಿ ಈ ಪಾರ್ಕನ್ನು ದೇಶಕ್ಕೇ ಮಾದರಿ ಎನ್ನುತ್ತಾರೆ. 2015ರಲ್ಲಿ ವಿಶ್ವಸಂಸ್ಥೆಯಲ್ಲಿ ಭಾರತವೂ ಒಪ್ಪಿದ ಹದಿನೇಳು ಗುರಿಗಳಲ್ಲಿ ಮೊದಲನೆಯದು ಬಡತನದ ನಿವಾರಣೆ. ಶುದ್ಧ ಇಂಧನದ್ದು ಏಳನೆಯದು. ಯಾರನ್ನೂ ಹಿಂದೆ ಬಿಡುವುದಿಲ್ಲ ಎಂಬ ಮಾತು ಆ ಒಪ್ಪಂದದಲ್ಲೇ ಇದೆ. ಏಳನೆಯ ಗುರಿಗೆ ಹೋಗುವ ದಾರಿಯಲ್ಲಿ ಮೊದಲನೆಯದನ್ನೇ ತುಳಿದು ನಡೆದರೆ ಅದನ್ನು ಮಾದರಿ ಎನ್ನುವುದು ಹೇಗೆ? 2030ರ ಹೊತ್ತಿಗೆ ಪಳೆಯುಳಿಕೆಯೇತರ (ಕಲ್ಲಿದ್ದಲು, ತೈಲ, ಅನಿಲವಲ್ಲದ) ಮೂಲಗಳಿಂದ 500 ಗಿಗಾವಾಟ್ ಸಾಮರ್ಥ್ಯ ಕಟ್ಟುತ್ತೇವೆಂದು ದೇಶ ಹೊರಟಿದೆ. ಆ ಗಾತ್ರಕ್ಕೆ ಪಾವಗಡದಂಥ ಇನ್ನೆಷ್ಟು ಒಣ ತಾಲೂಕುಗಳು ಬೇಕಾಗುತ್ತವೆ ಎಂದು ಲೆಕ್ಕ ಹಾಕಿದರೆ, ಇಲ್ಲಿ ಆದ ತಪ್ಪು ಎಷ್ಟು ಕಡೆ ಮರುಕಳಿಸಬಹುದೆಂದು ಗೊತ್ತಾಗುತ್ತದೆ. ನಮ್ಮ ಪಾರ್ಕಿನಲ್ಲಿ ಒಂದು ಮೆಗಾವಾಟಿಗೆ ಆರು ಎಕರೆಗೂ ಹೆಚ್ಚು ನೆಲ ಹಿಡಿದಿದೆ.

ದುಡ್ಡಿಲ್ಲ ಎನ್ನುವ ಉತ್ತರ ಬರಬಹುದು. ಒಂದು ಸಣ್ಣ ಲೆಕ್ಕ ತಮ್ಮ ಮುಂದಿಡುತ್ತೇನೆ. 2,050 ಮೆಗಾವಾಟಿನ ಪಾರ್ಕು ರಾತ್ರಿ, ಮೋಡ ಎಲ್ಲ ಕಳೆದು ವರ್ಷದ ಸರಾಸರಿಯಲ್ಲಿ ತನ್ನ ಸಾಮರ್ಥ್ಯದ ಐದನೇ ಒಂದು ಪಾಲು ಉತ್ಪಾದಿಸಿದರೂ ಸುಮಾರು 359 ಕೋಟಿ ಯೂನಿಟ್ ಆಗುತ್ತದೆ. ಯೂನಿಟ್ಟಿಗೆ ಒಂದೇ ಒಂದು ಪೈಸೆ ಎತ್ತಿಟ್ಟರೆ ವರ್ಷಕ್ಕೆ ಮೂರೂವರೆ ಕೋಟಿ ರೂಪಾಯಿಗೂ ಹೆಚ್ಚು. ಐದು ಪೈಸೆ ಎತ್ತಿಟ್ಟರೆ ಹದಿನೇಳು ಕೋಟಿ ದಾಟುತ್ತದೆ. ಭೂಮಿ ಕೊಟ್ಟವರಿಗೆ ಮೊದಲ ದರದಲ್ಲಿ ಸಲ್ಲುವ ಒಟ್ಟು ಬಾಡಿಗೆಯೇ ವರ್ಷಕ್ಕೆ 27 ಕೋಟಿಯ ಆಸುಪಾಸು. ಭೂಮಿಯಿಲ್ಲದ ಮನೆಗಳಿಗೆ ಒಂದು ಪಾಲು ಎತ್ತಿಡುವುದು ಯಾವ ಕಂಪನಿಯನ್ನೂ ಮುಳುಗಿಸುವ ಮಾತಲ್ಲ.

ಇದು ಹೊಸ ಬೇಡಿಕೆಯೂ ಅಲ್ಲ. ಜಲವಿದ್ಯುತ್ತಿನಲ್ಲಿ ಈ ಪದ್ಧತಿ ಇದೆ. 2008ರ ರಾಷ್ಟ್ರೀಯ ಜಲವಿದ್ಯುತ್ ನೀತಿ, ಯೋಜನೆ ಇರುವ ರಾಜ್ಯಕ್ಕೆ ಸಲ್ಲುವ ಉಚಿತ ವಿದ್ಯುತ್ತಿನ ಮೇಲೆ ಇನ್ನೂ ಶೇಕಡಾ 1ನ್ನು ಸ್ಥಳೀಯ ಅಭಿವೃದ್ಧಿ ನಿಧಿಗೆಂದೇ ಇಟ್ಟಿತು. ಬಾಧಿತ ಕುಟುಂಬಗಳಿಗೆ ಹತ್ತು ವರ್ಷ ತಿಂಗಳಿಗೆ 100 ಯೂನಿಟ್ ಉಚಿತ ವಿದ್ಯುತ್ ಕೊಡಬೇಕೆಂದಿತು. ಗಣಿಗಾರಿಕೆಯಲ್ಲಿ 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ರಾಜಧನದ (ರಾಯಲ್ಟಿಯ) ಮೇಲೆ ಹಳೆಯ ಗುತ್ತಿಗೆಗಳಿಂದ ಶೇಕಡಾ 30, ಹರಾಜಿನಲ್ಲಿ ಪಡೆದ ಗುತ್ತಿಗೆಗಳಿಂದ ಶೇಕಡಾ 10, ಗಣಿಬಾಧಿತರಿಗಾಗಿ ಜಮೆಯಾಗಬೇಕು. ನಮ್ಮ ಬಳ್ಳಾರಿಯೇ ಕಣ್ಣ ಮುಂದಿದೆ. ನೀರಿಗೆ, ಅದಿರಿಗೆ ಇರುವ ಈ ಹೊಣೆ ಬಿಸಿಲಿಗೆ ಏಕಿಲ್ಲ? ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಶೇಕಡಾ 2 ಇದೆಯಲ್ಲ ಎನ್ನಬಹುದು. ಅದು ಲಾಭದ ಮೇಲಿನ ಲೆಕ್ಕ. ಎಲ್ಲಿ, ಯಾವುದಕ್ಕೆ ಖರ್ಚು ಮಾಡಬೇಕೆಂಬುದು ಕಂಪನಿಯ ಮಂಡಳಿಯ ತೀರ್ಮಾನ. ಶಾಲೆಗೆ ಬಣ್ಣ, ಕುಡಿಯುವ ನೀರಿನ ಘಟಕ, ಬೆಂಚು, ಇವೆಲ್ಲ ಬೇಕಾದದ್ದೇ. ಮೇಷ್ಟ್ರಾದ ನಾನು ಅದನ್ನು ಹಗುರವಾಗಿ ಕಾಣಲಾರೆ. ಆದರೆ ಬಣ್ಣ ಬಳಿದ ಗೋಡೆ ಕೂಲಿ ಕಳೆದುಕೊಂಡವಳ ಅಡುಗೆಮನೆಗೆ ಅಕ್ಕಿ ತರುವುದಿಲ್ಲ. ಅವಳಿಗೆ ಬೇಕಾದದ್ದು ಹಕ್ಕಾಗಿ ಬರುವ ಪಾಲು.

ಬಾಡಿಗೆ ಪಡೆಯುವವರ ಪರವಾಗಿಯೂ ಎರಡು ಮಾತಿವೆ. ಎರಡು ವರ್ಷಕ್ಕೆ ಶೇಕಡಾ 5 ಎಂದರೆ ವರ್ಷಕ್ಕೆ ಎರಡೂವರೆಯ ಲೆಕ್ಕ. ರಿಸರ್ವ್ ಬ್ಯಾಂಕು ಬೆಲೆಯೇರಿಕೆಗೆ ಇಟ್ಟುಕೊಂಡ ಗುರಿಯೇ ವರ್ಷಕ್ಕೆ ಶೇಕಡಾ 4. ಇಪ್ಪತ್ತು ವರ್ಷದ ನಂತರ 21,000 ರೂಪಾಯಿ ಸುಮಾರು 34,000 ಆಗಿರುತ್ತದೆ. ಅಷ್ಟರಲ್ಲಿ ಶೇಕಡಾ 4ರ ದರದಲ್ಲೇ ಬೆಲೆಗಳು ಏರಿದರೂ ಎರಡು ಪಟ್ಟು ಮೀರಿರುತ್ತವೆ. ಇಂದು ದೊಡ್ಡದಾಗಿ ಕಾಣುವ ದುಡ್ಡು ಮಕ್ಕಳ ಕಾಲಕ್ಕೆ ಸವೆದಿರುತ್ತದೆ. ಹೊಸ ಹಂತದ ಗುತ್ತಿಗೆಯಲ್ಲಾದರೂ ಏರಿಕೆಯನ್ನು ಬೆಲೆ ಸೂಚ್ಯಂಕಕ್ಕೆ ಹೊಂದಿಸಬೇಕು.

ಇನ್ನೊಂದು, ಗುತ್ತಿಗೆ ಮುಗಿದ ದಿನದ ಚಿಂತೆ. ಇಪ್ಪತ್ತೈದು ವರ್ಷಕ್ಕೂ ಮೀರಿದ ಅವಧಿ ಮುಗಿದು ಜಮೀನು ಹಿಂದಕ್ಕೆ ಬರುವಾಗ ಅದರಲ್ಲಿ ಬದುಗಳಿರುವುದಿಲ್ಲ, ಬಾಂದುಕಲ್ಲುಗಳಿರುವುದಿಲ್ಲ. ನೆಲದಲ್ಲಿ ಕಾಂಕ್ರೀಟಿನ ಬುಡಗಳು, ಮಣ್ಣಿನಡಿ ಕೇಬಲ್ಲುಗಳು ಇರುತ್ತವೆ. ಅಷ್ಟು ಹೊತ್ತಿಗೆ ಹೊಲದ ಗುರುತು ಹಿಡಿಯಬಲ್ಲ ಹಿರಿಯರು ಬದುಕಿರುವುದಿಲ್ಲ. ಇವತ್ತೇ ಪ್ರತಿ ಸರ್ವೆ ನಂಬರಿಗೆ ಗಡಿ ಅಳೆದು ಗುರುತಿಸುವ ಹದ್ದುಬಸ್ತು ಮಾಡಿಸಿ, ನಕಾಶೆಯ ಪ್ರತಿಯನ್ನು ರೈತನ ಕೈಗೂ ಗ್ರಾಮ ಪಂಚಾಯಿತಿಗೂ ಕೊಡಿ. ಬುಡ ಕಿತ್ತು, ಬದು ಹಾಕಿ, ಉಳುಮೆಗೆ ಬರುವಂತೆ ನೆಲ ಒಪ್ಪಿಸುವ ಖರ್ಚಿಗೆ ಕಂಪನಿಗಳಿಂದ ಈಗಲೇ ಠೇವಣಿ ಕಟ್ಟಿಸಿಕೊಳ್ಳಿ. ಕಂಪನಿಗಳು ಕೈ ಬದಲಾಗುತ್ತವೆ. ಇಪ್ಪತ್ತೈದು ವರ್ಷದ ನಂತರ ಯಾರ ಬಾಗಿಲು ತಟ್ಟಬೇಕೆಂದು ನಮ್ಮ ಮೊಮ್ಮಕ್ಕಳು ಹುಡುಕುವಂತಾಗಬಾರದು. ಹಳೆಯ ಫಲಕಗಳದೂ ಅದೇ ಪ್ರಶ್ನೆ. 2022ರ ಇ-ತ್ಯಾಜ್ಯ ನಿಯಮಗಳು ಸೌರ ಫಲಕಗಳನ್ನು ತಮ್ಮ ವ್ಯಾಪ್ತಿಗೆ ತಂದಿವೆ. ಆದರೆ ಅವು 2034-35ರವರೆಗೆ ತಯಾರಕರಿಗೆ ಹೇಳುವುದು ಮುಖ್ಯವಾಗಿ ತ್ಯಾಜ್ಯವನ್ನು ಸಂಗ್ರಹಿಸಿಡಿ ಎಂದು. ಒಡೆದ, ಸುಟ್ಟ ಫಲಕಗಳು ಎಲ್ಲಿ ಸಂಗ್ರಹವಾಗುತ್ತಿವೆ, ಎಷ್ಟು ಎಂಬುದನ್ನು ಪ್ರತಿ ವರ್ಷ ಪಂಚಾಯಿತಿಯ ಮುಂದಿಡುವುದು ಕಷ್ಟದ ಕೆಲಸವಲ್ಲ.

ನೀರಿನ ವಿಷಯವನ್ನು ಪಾವಗಡದವರಿಗೆ ಯಾರೂ ನೆನಪಿಸಬೇಕಿಲ್ಲ. ಕುಡಿಯುವ ನೀರಿಗೆ ತುಂಗಭದ್ರೆಯ ಹಿನ್ನೀರನ್ನು ಅಷ್ಟು ದೂರದಿಂದ ತರಬೇಕಾಗಿ ಬಂದ ತಾಲೂಕಿದು. ಧೂಳು ಕೂತ ಫಲಕ ತೊಳೆಯಲು ಈ ನೆಲದ ಕೊಳವೆಬಾವಿಯ ನೀರನ್ನು ಒಂದು ಹನಿಯೂ ಎತ್ತಬಾರದು. ನೀರಿಲ್ಲದೆ ಬ್ರಷ್ಷಿನಿಂದ ಧೂಳು ತೆಗೆಯುವ ಯಂತ್ರಗಳು ಬಳಕೆಯಲ್ಲಿವೆ. ಜೋಧ್‌ಪುರದ ಕೇಂದ್ರ ಶುಷ್ಕ ವಲಯ ಸಂಶೋಧನಾ ಸಂಸ್ಥೆಯವರು ಫಲಕಗಳ ಮೇಲೆ ಬಿದ್ದ ಮಳೆನೀರನ್ನೇ ಹಿಡಿದಿಟ್ಟು ಬಳಸುವುದನ್ನು ಮಾಡಿ ತೋರಿಸಿದ್ದಾರೆ. ಫಲಕದ ಸಾಲುಗಳ ನಡುವೆ ಹೆಸರುಕಾಳಿನಂಥ ಗಿಡ್ಡ ಬೆಳೆ ತೆಗೆಯುವ ಪ್ರಯೋಗವನ್ನೂ ಅಲ್ಲೇ ನಡೆಸಿದ್ದಾರೆ. ಜೋಧ್‌ಪುರದ ಮರುಭೂಮಿಯಲ್ಲಿ ನಡೆಯುವ ಪ್ರಯೋಗಕ್ಕೆ ತಿರುಮಣಿಯ ಕೆಂಪುಮಣ್ಣಿನಲ್ಲಿ ನೂರು ಎಕರೆ ಬಿಡಲಾಗದೇ? ಆ ನೂರು ಎಕರೆಯನ್ನು ಭೂಹೀನ ಹೆಂಗಸರ ಸಂಘಗಳಿಗೆ ವಹಿಸಿ ನೋಡಿ. ಫಲಕ ಕೂರಿಸುವ ಎತ್ತರವನ್ನೂ ಸಾಲುಗಳ ನಡುವಿನ ಅಂತರವನ್ನೂ ಕಟ್ಟುವ ಮುಂಚೆಯೇ ನಿರ್ಧರಿಸಬೇಕಾಗುತ್ತದೆ. ಕಟ್ಟಿದ ಮೇಲೆ ಆಗುವ ಕೆಲಸವಲ್ಲ ಇದು. ಈಗಲೇ ಹೇಳುತ್ತಿರುವುದಕ್ಕೆ ಅದೂ ಒಂದು ಕಾರಣ.

ಕುರಿಗಳಿಗೂ ಬೇಲಿಯೊಳಗೆ ಬಾಗಿಲು ತೆರೆಯಬಹುದು. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಸೌರ ಪಾರ್ಕಿನ ಹುಲ್ಲನ್ನು ಕುರಿಗಳಿಂದಲೇ ಮೇಯಿಸುತ್ತಾರೆ. ಮೇಕೆ ಒಳಗೆ ಬಿಟ್ಟರೆ ವೈರು ಕಚ್ಚೀತು, ಫಲಕದ ಮೇಲೆ ಹತ್ತೀತು ಎಂಬ ಭಯ ಸಹಜ. ಕುರಿ ಹಾಗಲ್ಲ, ತಲೆ ಬಗ್ಗಿಸಿ ಮೇಯುತ್ತಾ ಹೋಗುವ ಪ್ರಾಣಿ. ಊರಿನ ಕುರಿಯವರಿಗೆ ಗುರುತಿನ ಚೀಟಿ ಕೊಟ್ಟು, ತಿಂಗಳಿಗೊಂದು ಭಾಗದಂತೆ ಪಾಳಿಯ ಮೇಲೆ ಮೇಯಿಸಲು ಬಿಡಿ. ಹುಲ್ಲು ಕತ್ತರಿಸುವ ಹೆಂಗಸರ ಕೂಲಿಗೆ ಇದರಿಂದ ಪೆಟ್ಟು ಬೀಳಬಾರದು. ಯಾವ ಭಾಗ ಕುರಿಗೆ, ಯಾವುದು ಕುಡುಗೋಲಿಗೆ ಎಂಬುದನ್ನು ಊರಿನವರೇ ಕೂತು ಹಂಚಿಕೊಳ್ಳಲಿ. ಹೊಸ ಹಂತದಲ್ಲಿ ಬೇಲಿ ಹಾಕುವ ಮುಂಚೆ ಮಂದೆಯ ದಾರಿಗಳು, ಬಂಡಿ ದಾರಿಗಳು, ಕೆರೆಗೆ ನೀರು ಹರಿಯುವ ಹಳ್ಳಗಳನ್ನು ಊರ ಹಿರಿಯರ ಜೊತೆ ನಡೆದು ಗುರುತಿಸಿ, ಅಷ್ಟನ್ನೂ ತೆರೆದೇ ಬಿಡಬೇಕು. ಗೂಗಲ್ ನಕ್ಷೆಯಲ್ಲಿ ಅವು ಕಾಣುವುದಿಲ್ಲ.

ಪಾರ್ಕು ಬಂದ ಮೇಲೆ ಸೆಕೆ ಹೆಚ್ಚಾಗಿದೆ ಎಂದು ಐದೂ ಊರುಗಳಲ್ಲಿ ಜನ ಹೇಳುತ್ತಾರೆ. ಅದನ್ನು ಅಲ್ಲಗಳೆಯುವವರೂ ಇದ್ದಾರೆ. ವಾದ ಮಾಡುವುದಕ್ಕಿಂತ ಪಾರ್ಕಿನ ಒಳಗೆ, ಅಂಚಿನಲ್ಲಿ, ದೂರದ ಊರಲ್ಲಿ ಉಷ್ಣಮಾಪಕ ಇಟ್ಟು, ಅಳತೆಯನ್ನು ಜನರ ಮುಂದಿಟ್ಟರೆ ಸಾಕು. ಮಕ್ಕಳಿಗೆ ನಾವು ಕಲಿಸುವ ವಿಜ್ಞಾನ ಅಷ್ಟೇ ತಾನೇ.

ಹಾಗಾಗಿ ಮಾನ್ಯರೇ, ಎಲ್ಲಕ್ಕಿಂತ ಮೊದಲು ಒಂದು ಕೆಲಸ ಆಗಬೇಕು. ವಿಸ್ತರಣೆಗೆ ಗುರುತಿಸುವ ಪ್ರತಿ ಊರಿನಲ್ಲೂ, ಮೊದಲ ಹಂತದ ಐದು ಊರುಗಳಲ್ಲೂ, ಮನೆಮನೆಯ ಜೀವನಾಧಾರದ ಸಮೀಕ್ಷೆ ನಡೆಸಿ. ಯಾರ ಹೊಲದಲ್ಲಿ ಯಾರು ಕೂಲಿ ಮಾಡುತ್ತಿದ್ದರು, ಯಾರು ವಾರಕ್ಕೆ ಮಾಡುತ್ತಿದ್ದರು, ಯಾರ ಮಂದೆ ಎಲ್ಲಿ ಮೇಯುತ್ತಿತ್ತು, ಯಾರ ಬಗರ್ ಹುಕುಂ ಅರ್ಜಿ ಬಾಕಿಯಿದೆ ಎಂಬುದನ್ನು ಬರೆದುಕೊಳ್ಳಿ. 2013ರ ಕಾಯ್ದೆ ಬಾಧಿತ ಕುಟುಂಬಕ್ಕೆ ಕೊಟ್ಟ ವ್ಯಾಖ್ಯಾನವನ್ನೇ ಅಳತೆಗೋಲಾಗಿ ಹಿಡಿಯಿರಿ. ಕಾಯ್ದೆ ನಿಮ್ಮನ್ನು ಬಲವಂತ ಮಾಡುವುದಿಲ್ಲ ನಿಜ. ಮಾಡಬೇಡಿ ಎಂದೂ ಅದು ಹೇಳುವುದಿಲ್ಲ. ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ. ಬಿಟ್ಟುಹೋದ ಹೆಸರನ್ನು ಸಭೆಯಲ್ಲೇ ಸೇರಿಸಿ. ಆ ಸಭೆ ಹೆಂಗಸರು ಬರಬಲ್ಲ ಹೊತ್ತಿನಲ್ಲಿ, ಅವರು ಬರಬಲ್ಲ ಜಾಗದಲ್ಲಿ ನಡೆಯಲಿ. ಕೂಲಿ ಬಿಟ್ಟು ಬಂದವರಿಗೆ ಆ ದಿನದ ಕೂಲಿ ಕೊಡಲಿ. ನಮ್ಮ ಗಡಿಯಲ್ಲಿ ಮನೆಮಾತು ತೆಲುಗಾಗಿರುವವರು ಬಹಳ. ಗುತ್ತಿಗೆಯ ಷರತ್ತುಗಳನ್ನು ಅವರಿಗೆ ತಿಳಿಯುವ ಮಾತಿನಲ್ಲೇ ವಿವರಿಸಲಿ.

ಆ ಪಟ್ಟಿಯ ಮನೆಗಳಿಗೆ ಯೂನಿಟ್ಟಿನ ಮೇಲಿನ ಪಾಲಿನಿಂದ ವರ್ಷಾಶನ ಗೊತ್ತಾಗಲಿ. ದುಡ್ಡು ಮನೆಯ ಹೆಂಗಸಿನ ಖಾತೆಗೇ ಹೋಗಲಿ. ಹಳೆಯ ಒಪ್ಪಂದಗಳಿಗೆ ಈಗ ಹೊಸ ಹೊರೆ ಹಾಕಲು ಕಾನೂನಿನ ತೊಡಕಿದ್ದರೆ, ಮೊದಲ ಹಂತದ ಊರುಗಳ ಪಾಲನ್ನು ಸರ್ಕಾರವೇ ಭರಿಸಲಿ. ಹೊಸ ಹಂತದ ಟೆಂಡರಿನಲ್ಲಿ ಮಾತ್ರ ಈ ಷರತ್ತು ಮೊದಲ ಪುಟದಲ್ಲೇ ಇರಲಿ. ಬೆಲೆ ಕೂಗುವ ಕಂಪನಿ ಆಗ ಅದನ್ನೂ ಲೆಕ್ಕಕ್ಕೆ ಹಿಡಿದೇ ಕೂಗುತ್ತದೆ. ಕಾವಲು, ಹುಲ್ಲು, ತೊಳೆಯುವ ಕೆಲಸಗಳನ್ನು ಇದೇ ಪಟ್ಟಿಯವರಿಗೆ ಮೀಸಲಿಡಿ. ಗುತ್ತಿಗೆದಾರ ಬದಲಾದರೂ ಆಳು ಬದಲಾಗಬಾರದು. ಕನಿಷ್ಠ ವೇತನ, ಭವಿಷ್ಯನಿಧಿ, ಇಎಸ್‌ಐ ಸಿಗುತ್ತಿವೆಯೇ ಎಂದು ಕಾರ್ಮಿಕ ಇಲಾಖೆ ವರ್ಷಕ್ಕೊಮ್ಮೆ ಬಂದು ನೋಡಲಿ.

ಎಲ್ಲವನ್ನೂ ಒಂದೇ ಹೋಬಳಿಯ ತಲೆಯ ಮೇಲೆ ಹೇರಬೇಕೇ ಎಂಬುದನ್ನೂ ಯೋಚಿಸಿ. ಕುಸುಮ್ ಯೋಜನೆಯಡಿ ಸಬ್‌ಸ್ಟೇಷನ್ನಿನ ಪಕ್ಕ ಸಣ್ಣ ಸಣ್ಣ ಸೌರ ಘಟಕಗಳನ್ನು ಕಟ್ಟಿ ಪಂಪ್‌ಸೆಟ್ಟುಗಳಿಗೆ ಹಗಲಿನಲ್ಲೇ ವಿದ್ಯುತ್ ಕೊಡುವ ಕೆಲಸವನ್ನು ತಮ್ಮ ಇಲಾಖೆಯೇ ನಡೆಸುತ್ತಿದೆ. ಹತ್ತು ಇಪ್ಪತ್ತು ಎಕರೆಯ ಘಟಕ ಒಂದು ಊರಿನ ಕೂಲಿಯನ್ನು ಪೂರ್ತಿ ನುಂಗುವುದಿಲ್ಲ. ಹೆಚ್ಚುಪಾಲು ಸಾಮರ್ಥ್ಯ ಹಾಗೆ ಹಂಚಿಹೋದರೆ ಪಾವಗಡದಲ್ಲಿ ಇನ್ನೂ 10,000 ಎಕರೆ ಬೇಲಿ ಹಾಕುವ ಅಗತ್ಯ ಎಷ್ಟಿದೆ ಎಂದು ಮರುಲೆಕ್ಕ ಹಾಕಬಹುದು.

ಸಮೀಕ್ಷೆ ಮುಗಿದು, ಪಟ್ಟಿ ಗ್ರಾಮಸಭೆಯಲ್ಲಿ ಒಪ್ಪಿಗೆಯಾಗುವವರೆಗೆ ಹೊಸ ಗುತ್ತಿಗೆ ಪತ್ರಗಳಿಗೆ ಸಹಿ ಹಾಕಿಸಬಾರದೆಂದು ಕೈಮುಗಿದು ಕೇಳುತ್ತೇನೆ. ತಮ್ಮ ಉತ್ತರವನ್ನು ನನಗೊಬ್ಬನಿಗೆ ಕಳಿಸುವ ಬದಲು ನಾಗಲಮಡಿಕೆ ಹೋಬಳಿಯ ಎಲ್ಲ ಗ್ರಾಮ ಪಂಚಾಯಿತಿಗಳ ಸೂಚನಾ ಫಲಕದಲ್ಲಿ ಹಾಕಿಸಿದರೆ ಉಪಕಾರವಾಗುತ್ತದೆ. ತಾವೇ ಬಂದು ಹೇಳುವುದಾದರೆ ಇನ್ನೂ ಒಳ್ಳೆಯದು. ಬರುವಾಗ ಪಾರ್ಕಿನ ಮುಖ್ಯದ್ವಾರದಲ್ಲಿ ನಿಲ್ಲಿಸುವ ಕಾರ್ಯಕ್ರಮ ಬೇಡ. ಊರಾಚೆಯ ಕಾಲೋನಿಗಳಿಗೆ ಬನ್ನಿ. ಪಟ್ಟಿಗೆ ಸೇರಬೇಕಾದ ಹೆಸರುಗಳನ್ನು ಅಲ್ಲಿನವರೇ ಬರೆಸುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಪಾವಗಡ ತಾಲೂಕಿನ ಒಬ್ಬ ನಿವೃತ್ತ ಶಾಲಾ ಶಿಕ್ಷಕ